ಅಳತೆ ಬರೆಯುವ ಮೊದಲು

ಕಾರವಾರದ ಕಾಜುಬಾಗದಲ್ಲಿ, ರೇಷನ್ ಅಂಗಡಿಯ ಪಕ್ಕ
ಒಂದೇ ಬಾಗಿಲ ನನ್ನ ಅಂಗಡಿ.
ಟೇಪು ಬಿಚ್ಚಿದರೆ ಸಾಕು,
ಬಂದವರೆಲ್ಲ ಉಸಿರು ಬಿಗಿಹಿಡಿದು
ಇಲ್ಲದ ಎತ್ತರಕ್ಕೆ ಏರಿ ನಿಲ್ಲುತ್ತಾರೆ.
ನಾನು ಬರೆದುಕೊಳ್ಳುವುದಿಲ್ಲ. ಕಾಯುತ್ತೇನೆ.
ಬಾಂಗಡೆಯ ರೇಟು ಕೇಳುತ್ತೇನೆ, ಮಗಳ ಪರೀಕ್ಷೆ,
ಮಂಗಳೂರಲ್ಲಿ ತೋರಿಸಿದ ಮಂಡಿನೋವು.
ಮಾತಿನ ನಡುವೆ ಮೈ ತನ್ನ ಜಾಗಕ್ಕೆ ಇಳಿಯುತ್ತದೆ,
ಉಬ್ಬರ ಹೋದ ಮೇಲೆ ಕಾಳಿ ಹೊಳೆಯ ದೋಣಿ
ಕೆಸರಲ್ಲಿ ಒಂದು ಕಡೆ ವಾಲಿ ಕೂತ ಹಾಗೆ.
ಆಗ ಬರೆಯುತ್ತೇನೆ.

ಎದೆ, ಸೊಂಟ, ತೋಳುದ್ದದ ಕೆಳಗೆ
ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು, ಯಾರಿಗೂ ತೋರಿಸದ್ದು:
ಬೆನ್ನು ಗುಂಡು. ತಾಲೂಕು ಕಚೇರಿಯ ಗಾಂವ್ಕರ್,
ಸಾಹೇಬರ ಮೇಜಿನ ಎತ್ತರಕ್ಕೆ ಒಗ್ಗಿದವರು.
ಎಡಭುಜ ಅರ್ಧ ಇಂಚು ಕೆಳಗೆ. ಕಂಡಕ್ಟರ್ ನಿರ್ಮಲಾ,
ಚೀಲದ ಪಟ್ಟಿ ಹನ್ನೊಂದು ವರ್ಷ ಎಳೆದದ್ದು.
ಖಾಕಿಯ ಒಳಗೆ ಎರಡು ಪದರ ಕ್ಯಾನ್ವಾಸ್ ಇಟ್ಟು ಹೊಲಿದೆ.
ಕನ್ನಡಿಯಲ್ಲಿ ಸಮ ಕಂಡಳು.
"ಈ ಸಲ ಬಟ್ಟೆ ಚಲೋ ಉಂಟು" ಅಂದಳು.
ಹೌದು, ಬಟ್ಟೆ ಚಲೋ ಉಂಟು.

ಅನಸೂಯಾ ಹರಿಕಂತ್ರಳ ಕಚ್ಚೆ ಸೀರೆಗೆ
ನನ್ನ ಕತ್ತರಿಯ ಹಂಗಿಲ್ಲ.
ಹಿಂದಕ್ಕೆ ಸೆಳೆದು ಸಿಕ್ಕಿಸಿದ ಆ ತುದಿಯೇ
ಅವಳ ಎರಡನೇ ಬೆನ್ನುಮೂಳೆ.
ತಲೆಯ ಮೇಲೆ ಬುಟ್ಟಿ, ಎರಡೂ ಕೈ ಬೀಸಿ
ಬೈತಖೋಲದಿಂದ ಪೇಟೆಗೆ ಬರುವಾಗ
ರಿಕ್ಷಾದವರೇ ಬದಿಗೆ ಸರಿಯಬೇಕು.
ಮೊನ್ನೆ ಮೊಮ್ಮಗನ ಬಾರಸೆಗೆ ಕುಮಟೆಗೆ ಹೊರಟಿದ್ದಳು:
ಸೊಸೆಯ ನೈಲಾನ್ ಸೀರೆ, ನೆಲ ಗುಡಿಸುವ ನೆರಿಗೆ,
ಪಿನ್ನು ಚುಚ್ಚಿದ ಸೆರಗು.
ನನ್ನ ಎರಡೇ ಎರಡು ಮೆಟ್ಟಿಲನ್ನು
ಕಾಲ್ಬೆರಳು ನೋಡುತ್ತ, ಗೋಡೆ ಹಿಡಿದು ಹತ್ತಿದಳು.
"ಯಾರೋ ಬಲೆ ಹಾಕಿ ಎಳೆದ ಹಾಂಗೆ ಆಗ್ತದೆ ಮಾರಾಯ್ತಿ."
ನಕ್ಕಳು. ನಕ್ಕರೂ
ಕತ್ತು ಮೇಲೆ ಬರಲಿಲ್ಲ.

ಪುಂಡಲೀಕ ತಾಂಡೇಲ ತಂದದ್ದು
ಯಾರದೋ ದೊಡ್ಡ ಮೈಗೆ ಹೊಲಿದ ನೀಲಿ ಅಂಗಿ.
ಎದೆಯ ಮೇಲೆ ಸೆಕ್ಯುರಿಟಿ ಎಂಬ ಬಿಲ್ಲೆ.
"ಒಂಚೂರು ಸಣ್ಣ ಮಾಡಿ."
ಲುಂಗಿಯಲ್ಲಿ ಅವನನ್ನು ನೋಡಿ ಗೊತ್ತು:
ಪುನರ್ವಸತಿ ಕಾಲೋನಿಯ ಕಟ್ಟೆಯಲ್ಲಿ
ಮೊಣಕಾಲು ಎದೆಗೆ ತಂದು
ಸಮುದ್ರ ಇಲ್ಲದ ದಿಕ್ಕಿಗೆ ಮುಖ ಮಾಡಿ ಕೂರುವವನು.
ಬದಿ ಹಿಡಿದೆ. ಕಾಲರಿಗೆ ಬಕ್ರಂ ಕೊಟ್ಟೆ.
ತೊಟ್ಟು ನಿಂತ.
ಅಷ್ಟು ವರ್ಷದ ಗೂನು
ಇಸ್ತ್ರಿ ಹೊಡೆದ ಸುಕ್ಕಿನ ಹಾಗೆ ಹೋಯಿತು.
ಬಾಗಿಲಲ್ಲಿದ್ದ ಅವನ ಹೆಂಡತಿ
"ಇವ್ರು ಇಷ್ಟು ಉದ್ದ ಇದ್ರಾ?" ಅಂದಳು.

ಡ್ಯೂಟಿ ಎಲ್ಲಿ ಎಂದೆ.
ನೌಕಾನೆಲೆಯ ಗೇಟಿನಲ್ಲಿ ಅಂದ. ಒಳಗೆ,
ಹೊಸ ರಸ್ತೆ ಬಲಕ್ಕೆ ತಿರುಗುವಲ್ಲಿ
ಅವನಪ್ಪ ತೋಡಿಸಿದ ಬಾವಿ.
"ಕಾಲರ್ ಚುಚ್ಚುತ್ತದೆಯಾ?"
"ಇಲ್ಲ. ಹಿಂದೆ ತಿರುಗಿ ನೋಡಲಿಕ್ಕೆ ಆಗೋದಿಲ್ಲ, ಅಷ್ಟೇ."
ಬಕ್ರಂ ತೆಗೆದು ಮೆದು ಮಾಡಿಕೊಡಲಾ ಅಂದೆ.
ಸ್ವಲ್ಪ ಹೊತ್ತು ಕನ್ನಡಿ ನೋಡಿದ.
"ಬೇಡ. ಹೀಂಗೇ ಇರಲಿ."
ಚಿಲ್ಲರೆ ವಾಪಸು ತೆಗೆದುಕೊಳ್ಳಲಿಲ್ಲ.

ರಾತ್ರಿ ಶಟರ್ ಅರ್ಧ ಎಳೆದ ಮೇಲೆ
ನನಗೊಂದು ರವಿಕೆ ಬೇಕಿತ್ತೆಂದು ನೆನಪಾಯಿತು.
ಇಪ್ಪತ್ತಾರು ವರ್ಷದಿಂದ
ಹಳೆಯದನ್ನೇ ಹೊಸ ಬಟ್ಟೆಯ ಮೇಲೆ ಹಾಸಿ
ಚಾಕಿನಲ್ಲಿ ಗೆರೆ ಎಳೆದುಕೊಂಡವಳು ನಾನು.
ರೋಶನಿಯ ಕೈಗೆ ಟೇಪು ಕೊಟ್ಟೆ.
ಕೆಲಸ ಕಲಿಯಲು ಬಂದ ಹುಡುಗಿ,
ಜೀನ್ಸಿನ ಬಿಗಿಗೆ ಚಾಪೆಯಲ್ಲಿ ಕೂರಲಾರದೆ
ನಿಂತೇ ಗುಂಡಿ ಹೊಲಿಯುವವಳು.
"ಸಮಾ ನಿಂತ್ಕಳ್ಳಿ ಅಕ್ಕಾ."
ಸಮಾ ನಿಂತಿದ್ದೇನಲ್ಲೇ, ಅಂದೆ.

ಅವಳು ಬರೆದುಕೊಳ್ಳಲಿಲ್ಲ.
ಟೇಪನ್ನು ಕೊರಳಿಗೆ ಹಾಕಿಕೊಂಡು
ಗೋಡೆಗೊರಗಿ
ಇವತ್ತು ಬಾಂಗಡೆ ಹೇಗೆ ಕೊಟ್ರು ಅಂತ
ಕೇಳಿದಳು.