ಮಗುಚಿ ಹೊಲಿದ ಕೋಟು

ಯುದ್ಧ ಮುಗಿದ ಎರಡನೇ ಚಳಿಗಾಲ, ನೇಪಲ್ಸ್.
ಟ್ರಾಮ್ ಕಂಡಕ್ಟರ್ ಸಾಬಾತೋ ಸಂತೆಯಿಂದ ತಂದ ಕೋಟು
ಯಾರೋ ಇಂಗ್ಲಿಷ್ ದೊರೆಯದು. ಒರಟು ಟ್ವೀಡ್,
ಒದ್ದೆ ನಾಯಿಯ ವಾಸನೆ.

ಅಪ್ಪ ಹೊಲಿಗೆ ಬಿಚ್ಚುತ್ತ ಓದಿದ:
ಬೆನ್ನ ಸೀಳು ಕುದುರೆ ಸವಾರಿಗೆ,
ಬಲಭುಜದ ತೊಗಲು ಬಂದೂಕಿಗೆ,
ಈ ಅಗಲ ಜೇಬು ಸತ್ತ ಮೊಲಕ್ಕೆ.
"ನನಗೆ ಟಿಕೀಟಿನ ಕಟ್ಟು ಹಿಡಿಸಿದರೆ ಸಾಕು"
ಅಂದ ಸಾಬಾತೋ.

ಅಸ್ತರು ಹೋಯಿತು. ಭುಜದ ಹತ್ತಿ ಹೋಯಿತು.
"ಹೆಗಲಿದ್ದವನಿಗೆ ಹೆಗಲು ಹೊಲಿಯಬೇಕೆ?"
ತೋಳನ್ನು ಅಂಗಿಯ ಹಾಗೆ
ಸಣ್ಣ ನೆರಿಗೆ ಹಿಡಿದು ಕೂರಿಸಿದ.
ಬಟ್ಟೆಯನ್ನೇ ಮಗುಚಿದ:
ಹೊರಗೆ ಮಾಸಿದ್ದು, ಒಳಗೆ ಇನ್ನೂ ಪಾಚಿ ಹಸಿರು.

ಹಳೆಯ ಕಾಜಾ ಮುಚ್ಚಿದ್ದು ನಾನು,
ಹನ್ನೊಂದರ ಬೆರಳು,
ಮುಚ್ಚಿದ್ದು ತಿಳಿಯಬಾರದೆಂದು ಉಸಿರು ಬಿಗಿಹಿಡಿದು.
ಎದೆಯ ಜೇಬನ್ನು ಏನು ಮಾಡುವುದು?
ಎಡಕ್ಕಿದ್ದದ್ದು ಬಲಕ್ಕೆ ಬಂತು.
ಅಕ್ಷರ ಬಾರದವರೂ
ಓದಬಲ್ಲ ಬಡತನ ಅದು.

ಸಾಬಾತೋ ತೊಟ್ಟು ನಿಂತ,
ಕನ್ನಡಿಯೊಳಗಿನವನನ್ನು ಬಹಳ ಹೊತ್ತು ನೋಡಿದ.
"ಇವನಿಗೆ ಎಡಕ್ಕೇ ಇದೆಯಲ್ಲ!"

ದುಡ್ಡು ಮುಂದಿನ ತಿಂಗಳು ಅಂದ.
ಅಪ್ಪ ಲೆಕ್ಕ ಬರೆದಿಟ್ಟ,
ಮೇಜಿನ ಮೇಲೆ, ಸೀಮೆಸುಣ್ಣದಲ್ಲಿ.