ನೀರಿನ ಪಾಳಿ

ಸೋಲಾಪುರದಲ್ಲಿ ನಮಗೆ ನೀರು ಐದು ದಿನಕ್ಕೊಮ್ಮೆ,
ಬರುವುದಾದರೂ ಹೇಳಿ ಬರುವುದಿಲ್ಲ.
ಇಂಥ ಊರಲ್ಲಿ ನೀರಿನಿಂದಾದ ಹಾನಿ ಅಳೆಯಲು
ವಿಮೆ ಕಂಪನಿ ನನ್ನನ್ನು ಮನೆಮನೆಗೆ ಕಳಿಸುತ್ತದೆ.
ನಗಬೇಡಿ, ಇದು ಹೊಟ್ಟೆಪಾಡು.

ಜುಳೆ ಸೋಲಾಪುರ, ಎರಡನೇ ಮಹಡಿ, ಶಕುಂತಲಾ ಬಿರಾಜದಾರ.
ಬ್ಯಾಂಕು ಸಾಲದ ಜೊತೆಗೇ ಕೊರಳಿಗೆ ಕಟ್ಟಿದ ಪಾಲಿಸಿ.
ಅದೂ ನೆಂದಿದೆ. ಲಂಗದ ಪಕ್ಕ ತಂತಿಯ ಮೇಲೆ
ಚಿಮಟಿಗೆ ಹಾಕಿ ಒಣಗಿಸಿದ್ದಾರೆ.
ಏನೇನು ಕೊಡುವುದಿಲ್ಲ ಎಂಬ ಪುಟ ಮಾತ್ರ
ಒಂದಕ್ಷರ ಅಳಿಸದೆ ಉಳಿದಿದೆ.

ಮೀಟರಿನ ಜೋಡಿ ಮುಳ್ಳು ಗೋಡೆಗೆ ಚುಚ್ಚುತ್ತೇನೆ.
ಕಿಟಕಿಯ ಬಳಿ ಹದಿನಾಲ್ಕು. ಕಪಾಟಿನ ಹಿಂದೆ ನಲವತ್ತೊಂದು.
ಛಾವಣಿಯಲ್ಲಿ ಕಂದು ಅಂಚಿನ ಮೂರು ವರ್ತುಲ,
ಹೊಸದು ಒಂದೇ.
ಒಮ್ಮೆಲೇ ನುಗ್ಗಿದ ನೀರಿಗೆ ದುಡ್ಡುಂಟು,
ಜಿನುಗಿ ಜಿನುಗಿ ಬಂದದ್ದಕ್ಕೆ ಇಲ್ಲ.
ಈ ನಿಯಮ ಬರೆದವನಿಗೆ
ಮನೆಯೊಂದು ಹೇಗೆ ಹಾಳಾಗುತ್ತದೆಂದು
ಗೊತ್ತಿತ್ತೋ ಇಲ್ಲವೋ.

ಪ್ಲೈವುಡ್ ಕಪಾಟು: ಬುಡ, ಚಹಾದಲ್ಲಿ ಅದ್ದಿದ ಖಾರಿ.
ಏಳು ವರ್ಷ ಹಳತು, ಸವಕಳಿ ಕಳೆದರೆ ಅರ್ಧಕ್ಕೂ ಕಮ್ಮಿ.
ಗಾದಿ ಎರಡು.
"ರೊಟ್ಟೀನೂ ಬರಕೋರಿ. ಕಡಕ ರೊಟ್ಟಿ, ನಾಕ್ನೂರು."
ಬಟ್ಟೆ ಬಿಚ್ಚಿ ತೋರಿಸಿದರು.
ತಗಡಿನ ಹಾಗೆ ಸಪ್ಪಳ ಮಾಡಬೇಕಾದವು
ಹಳೇ ಚರ್ಮದ ಹಾಗೆ ಮಡಚಿಕೊಂಡಿದ್ದವು.
ಮೂರು ಮಂದಿಗೆ ನಾಕ್ನೂರು ಯಾಕೆ, ಕೇಳಿದೆ.
"ಮೆಸ್ಸಿಗೆ ಕೊಡ್ತೀನ್ರಿ."
ಅಂದಿದ್ದೇ ತಪ್ಪಾಯಿತು.
ಮಾರುವ ಮಾಲು ಮನೆಯ ಪಾಲಿಸಿಗೆ ಸೇರದು.

ಮೇಲಿನ ಮನೆ ಪದ್ಮಾ ಯೆಮುಲ, ಬೀಡಿ ಕಟ್ಟುವವರು,
ಮಕ್ಕಳೊಡನೆ ತೆಲುಗು, ಫೋನಿಗೆ ಮರಾಠಿ, ನನಗೆ ಕನ್ನಡ.
ನಲ್ಲಿ ತೆರೆದಿಟ್ಟೇ ಮಲಗುತ್ತಾರೆ,
ಅದರಡಿ ಸ್ಟೀಲಿನ ಪರಾತ ಬೋರಲು.
ನೀರು ಬಿದ್ದರೆ ಪರಾತ ಬಾರಿಸುತ್ತದೆ,
ಅವರೆದ್ದು ನೆಲಕ್ಕೆ ಮೂರು ಸಲ ಒನಕೆ ಕುಟ್ಟುತ್ತಾರೆ,
ಕೆಳಗಿನವರು ಅವರ ಕೆಳಗಿನವರಿಗೆ.
ಒಂಬತ್ತು ವರ್ಷದಿಂದ ಈ ಕಟ್ಟಡ ಏಳುವುದು ಹೀಗೆ.

ಮೊನ್ನೆ ಜ್ವರ. ಔಷಧಿ ಅಂಗಡಿಯವನು ಕೊಟ್ಟ ಗುಳಿಗೆ.
ಎರಡೂ ನಲವತ್ತಕ್ಕೆ ಪರಾತ ಬಾರಿಸಿತು, ಬಾರಿಸಿತು,
ಮೋರಿಯ ಬಾಯಿಗೆ ಬೀಡಿ ಎಲೆಯ ಚೂರು ಸಿಕ್ಕಿ
ಮುಳುಗಿ ಸುಮ್ಮನಾಯಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ಅಜಾಗರೂಕತೆ ಎನ್ನುತ್ತಾರೆ.
ಕೆಳಗೆ ಕೊಟ್ಟದ್ದನ್ನು ಕಂಪನಿ ಮೇಲಿನಿಂದ ವಸೂಲು ಮಾಡಬಹುದು.
ಇಳಿದು ಬಂದು ತಿಳಿಸಿ ಹೇಳಿದೆ.
ಶಕುಂತಲಾ ರೊಟ್ಟಿಯ ಬುಟ್ಟಿ ಸರಿಸಿದರು.
"ಅಕಿ ಹೆಸರು ಬರೀಬ್ಯಾಡ್ರಿ.
ಬರದ್ರ ನಾಳಿಂದ ನಲ್ಲಿ ಬಂದ್ ಮಾಡಿ ಮಲಗ್ತಾಳ.
ಆಮ್ಯಾಲ ನಮ್ಮನ್ನ ಎಬ್ಬಸಾವ್ರು ಯಾರು,
ನಿಮ್ಮ ಕಂಪನಿ ಬಂದು ಎಬ್ಬಸ್ತದೇನು?"

ನೀರಿನ ಮೂಲ ಎಂಬಲ್ಲಿ ಉಜನಿ ಅಣೆಕಟ್ಟು ಎಂದು ಬರೆದೆ.
ಹೊಡೆದು ಹಾಕಿದೆ. ಲೈಸೆನ್ಸು ಇನ್ನೂ ಬೇಕು ನನಗೆ.
ಮೂರನೇ ಮಹಡಿ, ಕಾರಣ ಮೋರಿ ಕಟ್ಟಿದ್ದು.
ಸುಳ್ಳಲ್ಲ.
ಸಹಿಯ ಕೆಳಗೆ ತಾರೀಕು ಹಾಕುವಾಗ
ಮೇಲೆ ಯಾರೋ ನಡೆದಾಡಿದರು,
ನಾವಿಬ್ಬರೂ ತಲೆ ಎತ್ತಿದೆವು.

ಇವತ್ತು ರಾತ್ರಿ ಹೋಟಗಿ ರಸ್ತೆಯ ಪಾಳಿ, ನಮ್ಮ ಮನೆಗೆ.
ನಲ್ಲಿ ತೆರೆದು, ಅದರಡಿ ಏನಿಡಲೆಂದು
ಅಡುಗೆಮನೆಯಲ್ಲಿ ನಿಂತು
ಒಂದೊಂದೇ ಪಾತ್ರೆ ಬಡಿದು ನೋಡುತ್ತಿದ್ದೇನೆ.