ಮಕ್ಕಿ ಮರ್ಹೂನನ ಅಳತೆ

ಮುಹರ್ರಕ್ ಪೇಟೆಯ ಹಿಂದಿನ ಓಣಿ,
ಮೀನಿನವರ ಐಸು ಕರಗಿ ಹೊಸ್ತಿಲವರೆಗೆ ಹರಿಯುವಲ್ಲಿ
ನನ್ನ ಅಂಗಡಿ. ಗಂಗೊಳ್ಳಿ ಬಿಟ್ಟು ಬಂದವನು
ಬಿಳಿ ಬಟ್ಟೆ ಹೊಲಿಯುತ್ತ ಮೂವತ್ತೆಂಟು ವರ್ಷ.
ನನಗೆ ಮುಖ ಮರೆಯುತ್ತದೆ. ಭುಜ ಮರೆಯುವುದಿಲ್ಲ.

ಅಳತೆ ಪುಸ್ತಕದ ಹನ್ನೊಂದನೇ ಹಾಳೆ:
ಮಕ್ಕಿ ಮರ್ಹೂನ್, ಹಡಗುಕಟ್ಟೆಯ ವೆಲ್ಡರ್.
ಎದೆ ನಲವತ್ತು. ತೋಳು ಇಪ್ಪತ್ತಮೂರೂವರೆ.
ಬಲಭುಜ ಎಡಕ್ಕಿಂತ ಮುಕ್ಕಾಲು ಇಂಚು ಕೆಳಗೆ.
ಸಿಲಿಂಡರು ಹೊತ್ತದ್ದು, ಅಂದ.
ಒಳಗೆ ಹತ್ತಿ ಇಟ್ಟು ಸರಿ ಮಾಡಲೇ?
ಬೇಡ, ಇದ್ದ ಹಾಗೇ ಇರಲಿ.
ಹೆಸರು ಬರೆಯುವಾಗ ನನಗೆ ನಗು:
ನಮ್ಮ ಕಡೆ ಮಕ್ಕಿ ಅಂದರೆ ಎತ್ತರದ ಗದ್ದೆ,
ಕೆರೆಯ ನೀರು ಹತ್ತದು, ಮಳೆ ಬಂದರಷ್ಟೇ ಬೆಳೆ.
ಹರುಕು ಅರಬಿಯಲ್ಲಿ ಹೇಳಿದೆ. ಅವನೂ ನಕ್ಕ.
ಇಲ್ಲಿ ಮಳೆ ವರ್ಷಕ್ಕೆ ನಾಲ್ಕು ದಿನ.

ಹೋಗುವಾಗ ರಸೀದಿ ಕೇಳಿದ,
ನನ್ನಲ್ಲಿ ರಸೀದಿ ಕೇಳಿದ ಮೊದಲ ಗಿರಾಕಿ.
ಗುಂಡಿಯ ಡಬ್ಬದ ರಟ್ಟು ಹರಿದು ಬರೆದುಕೊಟ್ಟೆ.
ಸಂಘ ಎಂಬ ಶಬ್ದವನ್ನು ಆಗ ಆಡುವ ಹಾಗಿರಲಿಲ್ಲ;
ಚಹಾದ ಚಂದಾ ಎಂದು ಎತ್ತುತ್ತಿದ್ದರಂತೆ,
ತಲೆಗೆ ನೂರು ಫಿಲ್ಸು. ಅದಕ್ಕೂ ರಸೀದಿ.
ಆ ರಸೀದಿಗಳೇ ಮುಂದೆ ಪೊಲೀಸರ ಮೇಜಿನ ಮೇಲೆ
ಸಾಲಾಗಿ ಕೂತು ಸಾಕ್ಷಿ ನುಡಿದವು.

ಆರು ವರ್ಷ ಹಾಳೆ ಖಾಲಿ.

ಬಂದಾಗ ಎದೆ ಮೂವತ್ತನಾಲ್ಕು.
ಕತ್ತಿನ ಅಳತೆಗೆ ಟೇಪು ತಂದರೆ
ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ.
ಅಂದಿನಿಂದ ಅವನ ಕತ್ತಿಗೆ ಕಣ್ಣಂದಾಜೇ ಟೇಪು;
ಒಮ್ಮೆಯೂ ತಪ್ಪಲಿಲ್ಲ. ಇದೊಂದು ನನ್ನ ಜಂಬ.

ಆಮೇಲೆ ಕಾನೂನು ಬದಲಾಯಿತು, ಬೋರ್ಡು ಬಂತು,
ಸಂಘಕ್ಕೆ ಎರಡು ಕೋಣೆ, ಒಂದು ಫ್ಯಾಕ್ಸು.
ಚುನಾವಣೆಯೂ ಬಂತು. ಬೀದಿ ದೀಪದ ಕಂಬಗಳ ಮೇಲೆ
ನಾನು ಹೊಲಿದ ಕಾಲರು ನಿಂತು ನೋಡುತ್ತಿತ್ತು.
ಗೆದ್ದ. ಇನ್ನೂರ ಹನ್ನೆರಡು ಮತ.
ಆ ಚಳಿಗಾಲ ಒಂಬತ್ತು ದಿನ ಮಳೆ.
ನನ್ನ ಮತ ಅದರಲ್ಲಿಲ್ಲ. ಎಲ್ಲಿಯೂ ಇಲ್ಲ:
ಇಲ್ಲಿ ನಾನೊಂದು ವೀಸಾ,
ಊರಿನ ಪಟ್ಟಿಯಿಂದ ಬಿಟ್ಟುಹೋದ ಹೆಸರು.

ಶಾಸನಸಭೆಗೆ ಕರಿಯ ಮೇಲಂಗಿ ಬೇಕಾಯಿತು.
ಜರಿ ಅಂಚಿಗೆ ಎಷ್ಟು? ಹೇಳಿದೆ.
ಅದು ರಿಗ್ಗರ್ ಒಬ್ಬನ ತಿಂಗಳ ಸಂಬಳ ಮಾರಾಯ,
ಕಪ್ಪು ದಾರ ಸಾಕು.
ಎರಡನೇ ವರ್ಷ ಜರಿ ಇಟ್ಟೆ. ತೆಳ್ಳಗೆ, ಒಂದೇ ಗೆರೆ.
ಇಬ್ಬರೂ ಅದರ ಮಾತೆತ್ತಲಿಲ್ಲ.

ಇಸ್ತ್ರಿ ಅಂಗಡಿಯ ಹುಡುಗ, ನಮ್ಮೂರಿನ ನಾಗಪ್ಪ ಖಾರ್ವಿ,
ಮೂರು ವರ್ಷದಿಂದ ಅವನ ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿ.
ಮಕ್ಕಿ ತಾನೇ ಹೋಗಿ ಧಣಿಯ ಏಸಿಯ ಕೆಳಗೆ
ನಾಲ್ಕು ಗಂಟೆ ಕೂತು ತಂದುಕೊಟ್ಟ.
ಮೊದಲು ಕೈ ಒರಸಿಕೊ, ಅಂದ ಹುಡುಗನಿಗೆ.
ಅದೇ ತಿಂಗಳು ಸಭೆಯಲ್ಲಿ ಎದ್ದು ನಿಂತು
ಹೊರಗಿನವರ ತಲೆಗಿಷ್ಟು ದೀನಾರು ಸುಂಕ ಹಾಕಿ,
ನಮ್ಮ ಮಕ್ಕಳಿಗೆ ಕೆಲಸವಿಲ್ಲ, ಎಂದವನೂ ಅವನೇ.
ಟೀವಿಯಲ್ಲಿ ನೋಡಿದೆ. ಭುಜದ ಹೊಲಿಗೆ ಚೆನ್ನಾಗಿ ಕೂತಿತ್ತು.

ಮರುವಾರ ಬಂದ. ಚಹಾ ತರಿಸಿದೆ, ಮುಟ್ಟಲಿಲ್ಲ.
ಖಯ್ಯಾತ್, ನಾನು ನಿನ್ನ ಬಗ್ಗೆ ಹೇಳಿದ್ದಲ್ಲ.
ಮತ್ತೆ ಯಾರ ಬಗ್ಗೆ ಎಂದು ನಾನು ಕೇಳಲಿಲ್ಲ,
ಬಾಯಿ ತುಂಬ ಗುಂಡುಸೂಜಿ ಇತ್ತು.

ಮುಂದಿನ ಸಲ ಸೋತ.
ದೇವರಿಲ್ಲದವನು ಎಂದರು ಒಂದು ಮಗ್ಗುಲಲ್ಲಿ,
ದೊಡ್ಡವರ ಕಡೆ ವಾಲಿದವನು ಎಂದರು ಇನ್ನೊಂದರಲ್ಲಿ.
ಹಡಗುಕಟ್ಟೆಯ ಈಗಿನ ಹುಡುಗರು
ಯಾವ ಮಕ್ಕಿ, ಅನ್ನುತ್ತಾರೆ.

ನಿನ್ನೆ ಬಂದಿದ್ದ. ಹಳೆಯ ತೋಬು,
ಕಾಲರು ಸವೆದು ನೂಲು ಹೊರಟಿತ್ತು.
ಹೊಸದು ಬೇಡ, ತಿರುಗಿಸಿ ಹೊಲಿ.
ಬಿಚ್ಚಿದೆ. ಒಳಮೈಯಲ್ಲಿ ಇನ್ನೂ ಅಂದಿನ ಬಿಳುಪು.
ಅವನ ಭುಜ ನೋಡಿದೆ: ಎಡವೂ ಇಳಿದು
ಈಗ ಎರಡೂ ಸಮ.
ಐನೂರು ಫಿಲ್ಸು ಎಣಿಸಿ ಕೊಟ್ಟು
ನಿಂತೇ ಇದ್ದ. ಐಸಿನ ನೀರು ಚಪ್ಪಲಿಯವರೆಗೆ ಬಂತು.
ಏನು ಮಕ್ಕಿ?
ರಸೀದಿ, ಅಂದ.